ಜಿಗಿ ಜೇಡದ ಬೇಟೆ: ಮನೆ ಗೋಡೆ ಮುಂದೆ ಕೂತು ನೋಡಿ ಬರೆಯುವುದು ಹೇಗೆ?

ವಾರಕ್ಕೆ ಒಂದಾದರೂ ಇಂಥ ಫೋಟೋ ಬರುತ್ತದೆ. ಸುಣ್ಣದ ಗೋಡೆ, ಮಧ್ಯದಲ್ಲಿ ಒಂದು ಬೂದು ಚುಕ್ಕೆ, ಕೆಳಗೆ ಮೂರು ಪ್ರಶ್ನೆ. "ಇದು ಯಾವ ಜೇಡ? ವಿಷ ಇದೆಯಾ? ಮಗಳ ಸೈನ್ಸ್ ಪ್ರಾಜೆಕ್ಟಿಗೆ ಇದನ್ನು ಇಟ್ಟುಕೊಂಡು ಏನಾದರೂ ಮಾಡಬಹುದಾ?" ಕುವೆಂಪುನಗರದಿಂದಲೂ ಅದೇ, ಪಾಂಡವಪುರದಿಂದಲೂ ಅದೇ. ಮೂರನೇ ಪ್ರಶ್ನೆಗೆ ತುಂಡು ತುಂಡಾಗಿ ಉತ್ತರ ಬರೆದು ಸಾಕಾಗಿದೆ. ಮೊದಲಿಂದ ಕೊನೆವರೆಗೆ ಒಂದೇ ಕಡೆ ಬರೆದುಬಿಡುತ್ತೇನೆ.

ವಿಷದ ಮಾತು ಮೊದಲು ಮುಗಿಸೋಣ. ಹೆಚ್ಚುಕಡಿಮೆ ಎಲ್ಲಾ ಜೇಡಕ್ಕೂ ವಿಷ ಇದೆ, ಬೇಟೆಯನ್ನು ಮಲಗಿಸುವುದಕ್ಕೆ. ನಮ್ಮ ಗೋಡೆ ಮೇಲಿನ ಜಿಗಿ ಜೇಡದಿಂದ ಮನುಷ್ಯರಿಗೆ ಅಪಾಯ ಇಲ್ಲ. ಹಿಡಿದು ಒತ್ತಿದರೆ ಕಚ್ಚೀತು, ಸ್ವಲ್ಪ ಉರಿದೀತು, ಅಷ್ಟೇ. "ಜೇಡ ಉಚ್ಚೆ ಹುಯ್ದು ಗುಳ್ಳೆ ಎದ್ದಿದೆ" ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಮಳೆಗಾಲದಲ್ಲಿ ಕತ್ತಿನ ಮೇಲೆ ಗೆರೆ ಎಳೆದ ಹಾಗೆ ಏಳುವ ಆ ಗುಳ್ಳೆಗಳಿಗೆ ಬಹಳ ಸಲ ಕಾರಣ ದೀಪಕ್ಕೆ ಬರುವ ಪೆಡೆರಸ್ ಅನ್ನುವ ಸಣ್ಣ ದುಂಬಿ. ಅದನ್ನು ಮೈ ಮೇಲೆ ಉಜ್ಜಿ ಸಾಯಿಸಿದಾಗ ಅದರ ರಸ ಚರ್ಮ ಸುಡುತ್ತದೆ. ಜೇಡದ ಮೇಲೆ ಸುಮ್ನೆ ಅಪವಾದ.

ಇನ್ನೊಂದು ವಿಷಯ, ಇಡೀ ಲೇಖನಕ್ಕೆ ಇದೇ ಮುಖ್ಯ. ಎಲ್ಲರೂ ಜಿಗಿತ ನೋಡಲು ಕಾಯುತ್ತಾರೆ. ಜಿಗಿತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಬೇಟೆಯೆಲ್ಲಾ ನಡೆಯುವುದು ಅದಕ್ಕೆ ಮುಂಚಿನ ನಾಲ್ಕೈದು ನಿಮಿಷದಲ್ಲಿ. ನೀವು ನೋಡಬೇಕಾದ್ದು, ಬರೆಯಬೇಕಾದ್ದು ಆ ನಿಮಿಷಗಳನ್ನು.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ಸಿಲ್. ಸ್ಟಾಪ್‌ವಾಚ್ ಇರುವ ಫೋನ್. ಸ್ಟೀಲ್ ಸ್ಕೇಲ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್ ಇದ್ದರೆ ಒಳ್ಳೆಯದು. ಮೆತ್ತನೆ ಬಣ್ಣದ ಬ್ರಷ್ ಒಂದು, ಅಗಲ ಬಾಯಿಯ ಪಾರದರ್ಶಕ ಡಬ್ಬಿ ಒಂದು. ಕುಳಿತುಕೊಳ್ಳಲು ಒಂದು ಮಣೆ ಮರೆಯಬೇಡಿ. ನಿಂತುಕೊಂಡು ನೋಡಿದವರು ಯಾರೂ ಹತ್ತು ನಿಮಿಷ ದಾಟಿಲ್ಲ.

1. ಇದು ಜಿಗಿ ಜೇಡವೇ ಅಂತ ಖಾತ್ರಿ ಮಾಡಿಕೊಳ್ಳಿ

ಸುಲಭದ ಗುರುತು ಒಂದೇ. ನೀವು ಹತ್ತಿರ ಹೋದಾಗ ಅದು ತಿರುಗಿ ನಿಮ್ಮನ್ನೇ ನೋಡುತ್ತದೆ. ಬೇರೆ ಜೇಡಗಳು ಓಡುತ್ತವೆ, ಇಲ್ಲವೇ ಬಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ಇದು ಮಾತ್ರ ತಲೆ ಎತ್ತಿ ವಿಚಾರಿಸುತ್ತದೆ.

ಲೆನ್ಸ್ ಹಿಡಿದು ಮುಖ ನೋಡಿ. ಎಂಟು ಕಣ್ಣಲ್ಲಿ ಮುಂದಿನ ಎರಡು ಕಾರಿನ ಹೆಡ್‌ಲೈಟ್ ಥರ ದೊಡ್ಡವು. ಅವೇ ಮುಖ್ಯ ಕಣ್ಣು. ಉಳಿದ ಆರು ಅಕ್ಕಪಕ್ಕ, ಹಿಂದೆ. ಅವುಗಳ ಮುಖ್ಯ ಕೆಲಸ ಅಲುಗಾಟ ಹಿಡಿಯುವುದು. ಏನೋ ಅಲುಗಿತು ಅಂತ ಪಕ್ಕದ ಕಣ್ಣು ಹೇಳುತ್ತದೆ, ಜೇಡ ಮೈ ತಿರುಗಿಸುತ್ತದೆ, ಆಮೇಲೆ ಮುಖ್ಯ ಕಣ್ಣು ಅದು ಏನು ಅಂತ ಓದುತ್ತದೆ.

"ಓದುತ್ತದೆ" ಅಂತ ಬೇಕೆಂದೇ ಬರೆದೆ. ಮುಖ್ಯ ಕಣ್ಣಿನ ಒಳಗೆ ಉದ್ದ ಕೊಳವೆ ಇದೆ, ಅದರ ತುದಿಯಲ್ಲಿ ರೆಟಿನಾ, ಅಂದರೆ ಬೆಳಕು ಹಿಡಿಯುವ ಪರದೆ. ಅದು ಒಂದು ಸಲಕ್ಕೆ ನೋಡುವ ಜಾಗ ತೀರಾ ಕಿರಿದು. ಹಾಗಾಗಿ ಕೊಳವೆಯೇ ಒಳಗೊಳಗೆ ಆ ಕಡೆ ಈ ಕಡೆ ಓಡಾಡುತ್ತಾ, ತಿರುಚುತ್ತಾ ಎದುರಿನ ವಸ್ತುವನ್ನು ತುಂಡು ತುಂಡಾಗಿ ನೋಡುತ್ತದೆ. ಕತ್ತಲಲ್ಲಿ ಟಾರ್ಚ್ ಆಡಿಸಿ ಬೋರ್ಡ್ ಓದಿದ ಹಾಗೆ. ಬ್ರಿಟನ್ನಿನ ಮೈಕಲ್ ಲ್ಯಾಂಡ್ 1969ರಲ್ಲೇ ಈ ಓಡಾಟವನ್ನು ವಿವರಿಸಿದ್ದರು. ಜೇಡ ಅಲುಗಾಡದೆ ನಿಂತಿದೆ ಅಂದರೆ ಅದು ಸುಮ್ಮನಿದೆ ಅಂತ ಅರ್ಥವಲ್ಲ, ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಜಗತ್ತಿನಲ್ಲಿ ಜಿಗಿ ಜೇಡದ ಜಾತಿಗಳು 6,000ಕ್ಕೂ ಜಾಸ್ತಿ. ಜೇಡ ಕುಟುಂಬಗಳಲ್ಲೇ ಇದು ದೊಡ್ಡದು. ನಿಮ್ಮ ಮನೆಯಲ್ಲಿ ಸಿಗುವವು ಬಹುಶಃ ಮೂರೇ. ಹೊರಗಿನ ಗೋಡೆ ಮೇಲೆ ಚಪ್ಪಟೆ ಮೈಯ ಬೂದು ಮೆನೆಮೆರಸ್. ಕಿಟಕಿ, ಪರದೆ ಹತ್ತಿರ ಬೆನ್ನ ಮೇಲೆ ಪಟ್ಟೆ ಇರುವ ದಪ್ಪನೆ ಪ್ಲೆಕ್ಸಿಪಸ್. ಹೂಕುಂಡದ ಹತ್ತಿರ, ಬಚ್ಚಲಿನ ಕಡೆ ಹಸೇರಿಯಸ್. ಹೆಸರು ಗೊತ್ತಾಗದಿದ್ದರೆ ಚಿಂತೆ ಬೇಡ. "ಬೂದು ಗೋಡೆ ಜೇಡ" ಅಂತಲೇ ಬರೆದು ಮುಂದಕ್ಕೆ ಹೋಗಿ.

2. ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಇವು ಹಗಲಿನ ಬೇಟೆಗಾರರು. ರಾತ್ರಿ ರೇಷ್ಮೆಯ ಚಿಕ್ಕ ಚೀಲ ನೇಯ್ದುಕೊಂಡು ಒಳಗೆ ಸೇರುತ್ತವೆ. ಬೆಳಗ್ಗೆ ಗೋಡೆಗೆ ಬಿಸಿಲು ಬಿದ್ದು ಸ್ವಲ್ಪ ಬೆಚ್ಚಗಾದ ಮೇಲೆ ಹೊರಬರುತ್ತವೆ. ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಏಳು ಗಂಟೆಗೆ ಹೋಗಿ ನಿಂತರೆ ಏನೂ ಸಿಗುವುದಿಲ್ಲ. ಒಂಬತ್ತರಿಂದ ಹನ್ನೊಂದು ಒಳ್ಳೆ ಹೊತ್ತು. ಪೂರ್ವಕ್ಕೆ ಮುಖ ಮಾಡಿದ ಕಾಂಪೌಂಡ್ ಗೋಡೆ ಇದ್ದರೆ ನೀವು ಪುಣ್ಯವಂತರು.

ಮಂಡ್ಯ ಕಡೆಯವರಿಗೆ ಗದ್ದೆ ಬದು ಇದೆ. ನಾಲೆ ನೀರಿನ ಭತ್ತದಲ್ಲಿ ಜಿಗಿಹುಳು ಬಿದ್ದಾಗ ಅದನ್ನು ತಿನ್ನುವವರಲ್ಲಿ ಜೇಡಗಳೂ ಸೇರಿವೆ. ಜಿಗಿಹುಳುವನ್ನು ಜಿಗಿ ಜೇಡ ಹಿಡಿಯುವುದು ನೋಡುವುದಕ್ಕೇ ಒಂದು ಮಜಾ. ಆದರೆ ಔಷಧಿ ಹೊಡೆದ ಗದ್ದೆಗೆ ಇಳಿಯಬೇಡಿ. ನಿಮಗೂ ಒಳ್ಳೆಯದಲ್ಲ, ಆ ದಿನ ಜೇಡದ ನಡವಳಿಕೆಯೂ ನಂಬುವಂಥದ್ದಲ್ಲ. ಕಬ್ಬಿನ ಗದ್ದೆ ಬೇಡ, ಗರಿ ಕೈ ಕೊಯ್ಯುತ್ತದೆ, ಒಳಗೆ ಏನೂ ಕಾಣುವುದಿಲ್ಲ.

ಕುಕ್ಕರಹಳ್ಳಿ ಕೆರೆ ಏರಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕದ ಪೊದೆ, ಲಿಂಗಾಂಬುಧಿ ಕೆರೆ, ಇಲ್ಲೆಲ್ಲಾ ಬೇಕಾದಷ್ಟಿವೆ. ನೋಡಿ, ಫೋಟೋ ತೆಗೆಯಿರಿ, ಮುಟ್ಟಬೇಡಿ. ರಂಗನತಿಟ್ಟು, ಮೇಲುಕೋಟೆ, ಅರಬಿತಿಟ್ಟು ವನ್ಯಧಾಮಗಳು. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಇಲ್ಲದೆ ಒಂದು ಜೇಡವನ್ನೂ ಡಬ್ಬಿಗೆ ಹಾಕುವ ಹಾಗಿಲ್ಲ. ಶಾಲೆ ಪ್ರಾಜೆಕ್ಟ್ ಅಂದರೂ ಇಲ್ಲ.

ಹೊಸಬರಿಗೆ ನನ್ನ ಸಲಹೆ: ಎಲ್ಲಿಗೂ ಹೋಗಬೇಡಿ. ಮನೆ ಗೋಡೆಯಿಂದ ಶುರು ಮಾಡಿ. ಅದೇ ಜಾಗಕ್ಕೆ ದಿನಾ ಹೋಗಬಹುದಲ್ವಾ, ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

3. ಕೂತುಕೊಳ್ಳಿ, ಹತ್ತು ನಿಮಿಷ ಏನೂ ಬರೆಯಬೇಡಿ

ಜೇಡದಿಂದ ಒಂದು ಮೊಳ ದೂರ, ಪಕ್ಕಕ್ಕೆ ಕೂರಿ. ನೆರಳು ಅದರ ಮೇಲೆ ಬೀಳಬಾರದು. ಬಿಳಿ ಅಂಗಿ, ಹೊಳೆಯುವ ವಾಚು ಬೇಡ. ನೀವು ಬಂದದ್ದನ್ನು ಅದು ಆಗಲೇ ನೋಡಿದೆ. ಮೊದಲ ಹತ್ತು ನಿಮಿಷ ಅದು ನಿಮ್ಮನ್ನು ನೋಡುತ್ತಿರುತ್ತದೆ, ನೀವು ಬೇಟೆ ನೋಡುತ್ತಿದ್ದೇನೆ ಅಂದುಕೊಂಡಿರುತ್ತೀರಿ. ಆ ಹೊತ್ತಿನದ್ದು ಏನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮಾತು ಬೇಡ, ಫೋನಿನ ವೈಬ್ರೇಶನ್ ಆಫ್ ಮಾಡಿ. ಜೇಡಕ್ಕೆ ಕಿವಿ ಇಲ್ಲ, ಸರಿ. ಆದರೆ ಅಮೆರಿಕದ ಫಿಡಿಪ್ಪಸ್ ಅನ್ನುವ ಜಿಗಿ ಜೇಡ ಮೂರು ಮೀಟರ್ ದೂರದ ಸದ್ದನ್ನೂ ಹಿಡಿಯುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ಅದರಲ್ಲೂ ಕಣಜದ ರೆಕ್ಕೆಯಂಥ ಗುಂಯ್ ಸದ್ದು ಕೇಳಿದರೆ ಹಾಗೇ ನಿಂತುಬಿಡುತ್ತದೆ. ಕಣಜ ಅದರ ಶತ್ರು. ಕಾಲಿನ ರೋಮಗಳೇ ಅದಕ್ಕೆ ಕಿವಿ.

4. ನಡವಳಿಕೆಗೆ ಚಿಕ್ಕ ಚಿಕ್ಕ ಹೆಸರು ಇಟ್ಟುಕೊಳ್ಳಿ

ಪ್ರಾಣಿ ನಡವಳಿಕೆ ಓದುವವರು ಮೊದಲು ಮಾಡುವ ಕೆಲಸ ಇದು. ಎಥೋಗ್ರಾಮ್ ಅನ್ನುತ್ತಾರೆ. ಅಂದರೆ ಪ್ರಾಣಿ ಮಾಡುವ ಒಂದೊಂದು ಕ್ರಿಯೆಗೂ ಒಂದು ಹೆಸರು, ಒಂದು ವಿವರಣೆ ಇರುವ ಪಟ್ಟಿ. ಇಬ್ಬರು ಬೇರೆ ಬೇರೆ ಕಡೆ ಕೂತು ನೋಡಿದರೂ ಒಂದೇ ಪದ ಬಳಸಬೇಕು, ಅದಕ್ಕೆ. ನಾನು ಬಳಸುವ ಪದಗಳು ಇವು:

ತಿರುಗು: ಮೈಯನ್ನು ಬೇಟೆಯ ಕಡೆ ತಿರುಗಿಸುವುದು.
ನಡೆ: ಸಲೀಸಾಗಿ ಬೇಟೆಯ ಕಡೆ ಹೋಗುವುದು.
ತೆವಳು: ಮೈ ಗೋಡೆಗೆ ತಗ್ಗಿಸಿ, ನಿಂತು ನಿಂತು, ನಿಧಾನವಾಗಿ ಹೋಗುವುದು. ಬೆಕ್ಕು ಪಾರಿವಾಳದ ಹಿಂದೆ ಹೋಗುವುದನ್ನು ನೋಡಿದ್ದೀರಲ್ಲ, ಹಾಗೆ.
ನಿಲ್ಲು: ಅಲುಗಾಟವೇ ಇಲ್ಲ.
ಕಟ್ಟು: ಹೊಟ್ಟೆಯ ತುದಿಯನ್ನು ಗೋಡೆಗೆ ಮುಟ್ಟಿಸಿ ದಾರ ಅಂಟಿಸುವುದು.
ಜಿಗಿ, ಹಿಡಿ, ತಪ್ಪು, ಬಿಡು: ಇವಕ್ಕೆ ವಿವರಣೆ ಬೇಡ. "ಬಿಡು" ಅಂದರೆ ಜಿಗಿಯದೆಯೇ ವಾಪಸ್ ಹೋಗುವುದು.

"ಕಟ್ಟು" ತಪ್ಪಿಸಿಕೊಳ್ಳಬೇಡಿ. ಜಿಗಿಯುವ ಮುಂಚೆ ಜೇಡ ದಾರದ ಒಂದು ತುದಿ ಅಂಟಿಸುತ್ತದೆ. ಗುರಿ ತಪ್ಪಿದರೆ ನೆಲಕ್ಕೆ ಬೀಳದೆ ನೇತಾಡುತ್ತದೆ, ಅದೇ ದಾರ ಹಿಡಿದು ಮೇಲೆ ಬರುತ್ತದೆ. ಗಾಳಿಯಲ್ಲಿರುವಾಗ ಮೈ ಮಗುಚದ ಹಾಗೆ ಹಿಡಿಯುವುದೂ ಆ ದಾರವೇ. ಇನ್ನು ಕಾಲು. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಮಡಿಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ರಸದ ಒತ್ತಡದಿಂದ ಕಾಲು ಚಾಚುತ್ತದೆ, ಜೆಸಿಬಿ ಕೈ ಚಾಚುವ ಹಾಗೆ. ಸತ್ತ ಜೇಡದ ಕಾಲೆಲ್ಲಾ ಮಡಿಚಿಕೊಂಡು ಮುದುರಿರುವುದು ಇದಕ್ಕೇ. ಒತ್ತಡ ಹೋಯಿತು, ಚಾಚುವುದು ನಿಂತಿತು.

5. ಗಡಿಯಾರ ನೋಡಿ ಬರೆಯಿರಿ

ನನ್ನ ನೋಟ್‌ಬುಕ್ಕಿನ ಒಂದು ಪುಟ ಹಾಗೇ ಕೊಡುತ್ತೇನೆ. ಮನೆಯ ಕಾಂಪೌಂಡ್ ಗೋಡೆ, ಬಿಸಿಲು, ಬೂದು ಗೋಡೆ ಜೇಡ, ಉದ್ದ ಸುಮಾರು 8 ಮಿಲಿಮೀಟರ್.

9:12:00. ಮನೆನೊಣ ಕೂತಿತು. ದೂರ ಒಂದು ಗೇಣು. ಜೇಡದ ಬೆನ್ನು ಆ ಕಡೆ.
9:12:03. ತಿರುಗು.
9:12:10. ನಡೆ. ನೇರ.
9:12:40. ನಿಲ್ಲು. ನೊಣ ಮುಂಗಾಲು ಉಜ್ಜುತ್ತಿದೆ.
9:13:25. ತೆವಳು. ನೊಣ ಅಲುಗಿದಾಗ ಮಾತ್ರ ಜೇಡವೂ ಅಲುಗುತ್ತಿದೆಯಾ? ಗೊತ್ತಾಗಲಿಲ್ಲ.
9:14:50. ನೊಣ ಹಾರಿ ನಾಲ್ಕು ಬೆರಳು ಮೇಲೆ ಕೂತಿತು. ತಿರುಗು.
9:15:05. ತೆವಳು. ಗಾರೆ ಬಿರುಕಿನ ಅಂಚು ಹಿಡಿದು ಸುತ್ತಿ ಹೋಗುತ್ತಿದೆ.
9:16:30. ನಿಲ್ಲು. ದೂರ ಎರಡು ಬೆರಳು.
9:17:04. ಕಟ್ಟು. ಹಿಂಗಾಲು ಒಳಗೆ ಎಳೆದುಕೊಂಡಿತು.
9:17:06. ಜಿಗಿ. ತಪ್ಪು. ದಾರದಲ್ಲಿ ನೇತಾಡಿ ವಾಪಸ್.

ಐದು ನಿಮಿಷ ಆರು ಸೆಕೆಂಡಿನಲ್ಲಿ ಜಿಗಿತ ಒಂದು ಸೆಕೆಂಡೂ ಇಲ್ಲ. 9:13:25ರ ಪ್ರಶ್ನೆ ನೋಡಿ. ಅಂಥ ಪ್ರಶ್ನೆ ಬಂದ ತಕ್ಷಣ ಅಲ್ಲೇ ಬರೆದುಬಿಡಿ. ಪ್ರಾಜೆಕ್ಟ್ ಹುಟ್ಟುವುದು ಅಲ್ಲಿಂದ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಮೂರು.

ಮೊದಲನೆಯದು, ಸೋತ ಬೇಟೆ ಬರೆಯದೇ ಇರುವುದು. ಹಿಡಿದದ್ದು ನೆನಪಿರುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ. ತಿಂಗಳ ಕೊನೆಗೆ ನೋಡಿದರೆ ನಿಮ್ಮ ಜೇಡ ಗುರಿ ತಪ್ಪದ ಅರ್ಜುನ ಆಗಿರುತ್ತದೆ. "ತಪ್ಪು" ಮತ್ತು "ಬಿಡು" ಎರಡನ್ನೂ ಬರೆಯಲೇಬೇಕು.

ಎರಡನೆಯದು, ಮನಸ್ಸಿನ ಮಾತು ಬರೆಯುವುದು. "ಜೇಡ ಯೋಚಿಸಿತು", "ಹೆದರಿತು", "ಸಿಟ್ಟು ಬಂತು". ನಿಮಗೆ ಕಂಡದ್ದು "34 ಸೆಕೆಂಡ್ ನಿಂತಿತು". ಅದನ್ನೇ ಬರೆಯಿರಿ. ಯೋಚಿಸಿತೋ ಇಲ್ಲವೋ ಆಮೇಲೆ ಜಗಳ ಆಡೋಣ.

ಮೂರನೆಯದು ಲೆಕ್ಕದ ತಪ್ಪು, ಕಾಲೇಜಿನವರೂ ಮಾಡುತ್ತಾರೆ. ಒಂದೇ ಜೇಡವನ್ನು ಮೂವತ್ತು ಸಲ ನೋಡಿ "30 ಜೇಡಗಳ ಅಧ್ಯಯನ" ಅನ್ನುವ ಹಾಗಿಲ್ಲ. ಒಬ್ಬ ಹುಡುಗನನ್ನು ಮೂವತ್ತು ಸಲ ಅಳತೆ ಮಾಡಿ ಮಂಡ್ಯ ಜಿಲ್ಲೆಯ ಹುಡುಗರ ಎತ್ತರ ಹೇಳಿದ ಹಾಗಾಗುತ್ತದೆ. ಒಂದು ಜೇಡ, ಮೂವತ್ತು ಬೇಟೆ ಅಂತ ಬರೆದರೆ ಏನೂ ತಪ್ಪಿಲ್ಲ. ಅದೂ ಬೆಲೆಯುಳ್ಳದ್ದೇ.

6. ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ

"ಜಿಗಿ ಜೇಡದ ನಡವಳಿಕೆಯ ಅಧ್ಯಯನ" ಅನ್ನುವುದು ಪ್ರಶ್ನೆ ಅಲ್ಲ, ಬೋರ್ಡ್. ಉತ್ತರ ಹೌದು, ಇಲ್ಲ, ಅಥವಾ ಒಂದು ಸಂಖ್ಯೆ ಆಗಿರಬೇಕು. ಒಂದಷ್ಟು ಉದಾಹರಣೆ ಕೊಡುತ್ತೇನೆ.

ಹಾರಿಹೋಗುವ ನೊಣಕ್ಕೂ ಓಡಲಾರದ ಹುಳುವಿಗೂ ಜೇಡ ಒಂದೇ ದೂರದಿಂದ ಜಿಗಿಯುತ್ತದಾ? ನೊಣ ಕೂತಿದ್ದಾಗ ತೆವಳುವುದು ಜಾಸ್ತಿಯೋ, ನಡೆದಾಡುತ್ತಿದ್ದಾಗ ಜಾಸ್ತಿಯೋ? ಇರುವೆ ಬಂದರೆ ಏನು ಮಾಡುತ್ತದೆ? ನನ್ನ ಗೋಡೆ ಜೇಡಗಳು ಇರುವೆ ಕಂಡರೆ ಹಿಂದಕ್ಕೆ ಸರಿಯುತ್ತವೆ. ನಿಮ್ಮವು?

ದೊಡ್ಡ ಲ್ಯಾಬುಗಳು ಕೇಳಿದ ಪ್ರಶ್ನೆಗಳೂ ಇಷ್ಟೇ ಸಣ್ಣವು. ಜೇಡಕ್ಕೆ ದೂರ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನೇ ತೆಗೆದುಕೊಳ್ಳಿ. ಮುಖ್ಯ ಕಣ್ಣಿನ ರೆಟಿನಾದಲ್ಲಿ ನಾಲ್ಕು ಪದರ ಇವೆ, ಒಂದರ ಹಿಂದೆ ಒಂದು. ಹಸಿರು ಬೆಳಕನ್ನು ಹಿಡಿಯುವ ಪದರ ಎರಡು. ಒಂದರಲ್ಲಿ ಚಿತ್ರ ಸ್ಪಷ್ಟವಾಗಿ ಬೀಳುತ್ತದೆ, ಇನ್ನೊಂದರಲ್ಲಿ ಯಾವಾಗಲೂ ಮಸುಕು. ಮಸುಕು ಎಷ್ಟಿದೆ ಅನ್ನುವುದರ ಮೇಲೆ ದೂರ ಗೊತ್ತಾಗುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2012ರಲ್ಲಿ ತೋರಿಸಿದ್ದು ನಮ್ಮ ಬಚ್ಚಲಲ್ಲೂ ಇರುವ ಹಸೇರಿಯಸ್ ಅಡಾನ್ಸೋನಿ ಜೇಡದಿಂದ. ಹಸಿರು ಬೆಳಕಿನಲ್ಲಿ ಗುರಿ ಸರಿಯಾಗಿತ್ತು. ಕೆಂಪು ಬೆಳಕಿನಲ್ಲಿ ಬೇಟೆ ಮುಟ್ಟುವ ಮುಂಚೆಯೇ ಬೀಳುತ್ತಿತ್ತು. ಅದಕ್ಕೇ ಹೇಳುವುದು, ರಾತ್ರಿ ಕೆಂಪು ಬಲ್ಬ್ ಹಾಕಿಕೊಂಡು ಪ್ರಯೋಗ ಮಾಡಬೇಡಿ. ಅಲ್ಲಿ ಕಾಣುವುದು ಬಲ್ಬಿನ ಮಹಿಮೆ.

ಬೇಟೆಯ ಉಪಾಯದ ಮಾತು ಬಂದರೆ ಪೋರ್ಷಿಯಾವನ್ನು ಬಿಡುವ ಹಾಗಿಲ್ಲ. ಇದು ಬೇರೆ ಜೇಡಗಳನ್ನು ತಿನ್ನುವ ಜಿಗಿ ಜೇಡ. ನೋಡಲು ಒಣ ಎಲೆಯ ಚೂರಿನಂತೆ. ಆಸ್ಟ್ರೇಲಿಯಾ, ಫಿಲಿಪೀನ್ಸ್, ಶ್ರೀಲಂಕಾದ ಪೋರ್ಷಿಯಾಗಳ ಮೇಲೆ ನ್ಯೂಜಿಲೆಂಡಿನ ರಾಬರ್ಟ್ ಜಾಕ್ಸನ್ ಮತ್ತು ಜೊತೆಗಾರರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಇದು ಇನ್ನೊಂದು ಜೇಡದ ಬಲೆಯ ಅಂಚಿಗೆ ಹೋಗಿ ಎಳೆಗಳನ್ನು ಮೀಟುತ್ತದೆ. ಒಂದು ರೀತಿ ಮೀಟಿದರೆ ಬಲೆಯ ಯಜಮಾನ ಬರಲಿಲ್ಲ, ಇನ್ನೊಂದು ರೀತಿ ಮೀಟುತ್ತದೆ. ಯಾವುದಕ್ಕೆ ಯಜಮಾನ ಅಲುಗಿದನೋ ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಬಲೆಯೊಳಗೆ ನಡೆಯಬೇಕಾದರೆ ಗಾಳಿ ಬೀಸುವ ತನಕ ಕಾಯುತ್ತದೆ. ಬಲೆಯೇ ಅಲ್ಲಾಡುವಾಗ ಇದರ ಹೆಜ್ಜೆ ಗೊತ್ತಾಗುವುದಿಲ್ಲ. ಬೇಟೆ ನೇರಕ್ಕೆ ಸಿಗದಿದ್ದರೆ ಸುತ್ತು ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಬೇಟೆ ಸ್ವಲ್ಪ ಹೊತ್ತು ಕಣ್ಣಿಗೆ ಬೀಳದೇ ಹೋದರೂ ಸರಿ. ಪೋರ್ಷಿಯಾ ದಕ್ಷಿಣ ಭಾರತದಲ್ಲೂ ಇದೆ, ಘಟ್ಟದ ಕಡೆ. ಅದನ್ನೇ ಹುಡುಕಿಕೊಂಡು ಹೋಗಬೇಡಿ. ಸುತ್ತು ದಾರಿಯ ಪ್ರಶ್ನೆಯನ್ನು ನಿಮ್ಮ ಗೋಡೆ ಜೇಡಕ್ಕೆ ಕೇಳಬಹುದು. 9:15:05ರ ಸಾಲು ಮತ್ತೆ ಓದಿ.

7. ಡಬ್ಬಿಯಲ್ಲಿ ಪ್ರಯೋಗ, ಎರಡು ದಿನ ಮಾತ್ರ

ಗೋಡೆ ಮೇಲೆ ಕನಿಷ್ಠ ಹತ್ತು ಬೇಟೆ ಬರೆದ ಮೇಲೆಯೇ ಇದಕ್ಕೆ ಕೈ ಹಾಕಿ.

ಡಬ್ಬಿಯನ್ನು ಜೇಡದ ಮುಂದೆ ಹಿಡಿದು, ಬ್ರಷ್‌ನಿಂದ ಹಿಂದೆ ಮೆಲ್ಲಗೆ ತಟ್ಟಿ. ತಾನಾಗಿ ಒಳಗೆ ಜಿಗಿಯುತ್ತದೆ. ಬೆರಳಲ್ಲಿ ಹಿಡಿಯಬೇಡಿ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ. ಡಬ್ಬಿಯ ಒಳಗೋಡೆಗೆ ಒಂದು ಹನಿ ನೀರು ಚಿಮುಕಿಸಿ, ಅದೇ ಅದರ ಕುಡಿಯುವ ನೀರು. ಡಬ್ಬಿಯನ್ನು ನೆರಳಲ್ಲಿ ಇಡಿ. ನಾನು ಒಮ್ಮೆ ಕಿಟಕಿ ಹತ್ತಿರ ಇಟ್ಟು ಊಟಕ್ಕೆ ಹೋಗಿ ಬಂದೆ. ಅಷ್ಟರಲ್ಲಿ ಬಿಸಿಲು ತಿರುಗಿತ್ತು, ಜೇಡ ಮುದುರಿತ್ತು. ಅರ್ಧ ಗಂಟೆ ಸಾಕು.

ಬೇಟೆಗೆ ಬಾಳೆಹಣ್ಣಿನ ಸಿಪ್ಪೆ ಒಂದು ಲೋಟದಲ್ಲಿ ಎರಡು ದಿನ ಇಡಿ, ಹಣ್ಣುನೊಣ ತಾನಾಗಿ ಬರುತ್ತವೆ. ಬೇಟೆ ಜೇಡಕ್ಕಿಂತ ದೊಡ್ಡದಿರಬಾರದು. ತಿನ್ನದ ಹುಳವನ್ನು ರಾತ್ರಿ ಒಳಗೇ ಬಿಡಬೇಡಿ. ಜೇಡ ದಪ್ಪ ರೇಷ್ಮೆ ಚೀಲ ಕಟ್ಟಿಕೊಂಡು ಒಳಗೇ ಇದ್ದರೆ ಪೊರೆ ಬಿಡುತ್ತಿರಬಹುದು, ಅಂದರೆ ಬೆಳೆಯಲು ಹಳೆ ಚರ್ಮ ಕಳಚುತ್ತಿರಬಹುದು. ಆಗ ಅದಕ್ಕೆ ಹಸಿವೇ ಇರುವುದಿಲ್ಲ. ಪ್ರಯೋಗ ನಿಲ್ಲಿಸಿ, ತಂದ ಜಾಗದಲ್ಲೇ ನೆರಳಿರುವ ಕಡೆ ಡಬ್ಬಿಯ ಬಾಯಿ ತೆರೆದಿಡಿ. ತಾನಾಗಿ ಹೋಗುತ್ತದೆ.

ಮನೆಯಲ್ಲಿ ಮಾಡಲು ನನಗೆ ಇಷ್ಟವಾದ ಪ್ರಯೋಗ ಇದು. ಡಬ್ಬಿಯ ಹೊರಗೆ, ಜೇಡದ ಪಕ್ಕಕ್ಕೆ, ಕಪ್ಪು ದಾರಕ್ಕೆ ಕಟ್ಟಿದ ಸಾಸಿವೆಯಷ್ಟು ಕಪ್ಪು ಮಣಿ ಇಳಿಬಿಡಿ. ಮೊದಲು ಒಂದು ನಿಮಿಷ ಅಲುಗಾಡಿಸದೆ. ಆಮೇಲೆ ಒಂದು ನಿಮಿಷ ನಿಧಾನವಾಗಿ ಆಡಿಸುತ್ತಾ. ಎಷ್ಟು ಸಲ "ತಿರುಗು" ಅಂತ ಎಣಿಸಿ. ಮುಂದಿನ ಸಲ ಕ್ರಮ ಬದಲಿಸಿ, ಅಲುಗಾಟ ಮೊದಲು. ಕ್ರಮ ಬದಲಿಸದೇ ಹೋದರೆ ಜೇಡ ತಿರುಗಿದ್ದು ಅಲುಗಾಟಕ್ಕೋ, ಅಥವಾ ಅಷ್ಟು ಹೊತ್ತಿಗೆ ಡಬ್ಬಿಗೆ ಒಗ್ಗಿಕೊಂಡಿತ್ತೋ ಹೇಳಲಾಗುವುದಿಲ್ಲ. ದಾರ ಹಿಡಿದ ಕೈ ಮಾತ್ರ ಜೇಡಕ್ಕೆ ಕಾಣದ ಹಾಗೆ ಮಧ್ಯೆ ಒಂದು ರಟ್ಟು ಇಡಿ.

ಡಬ್ಬಿ ಬದಿಗೆ ಕನ್ನಡಿ ಇಟ್ಟರೆ ಇನ್ನೂ ಮಜಾ. ಕೆಲವು ಗಂಡುಗಳು ಮುಂಗಾಲು ಎತ್ತಿ ತನ್ನ ಪ್ರತಿಬಿಂಬಕ್ಕೇ ಸವಾಲು ಹಾಕುತ್ತವೆ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ, ಸುಮ್ನೆ ಸುಸ್ತಾಗುತ್ತದೆ. ಇದು ಬೇಟೆ ಅಲ್ಲ, ಜಗಳ. ಬೇರೆ ಪುಟದಲ್ಲಿ ಬರೆಯಿರಿ.

ಒಂದು ಜೇಡ ಆದ ಮೇಲೆ ಅದೇ ಡಬ್ಬಿಗೆ ಇನ್ನೊಂದನ್ನು ಹಾಕುವ ಮುಂಚೆ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಹಿಂದಿನ ಜೇಡದ ದಾರ, ವಾಸನೆ ಅಲ್ಲೇ ಉಳಿದಿರುತ್ತದೆ. ಹೊಸದು ಬೇಟೆ ಬಿಟ್ಟು ಅದನ್ನೇ ತಡಕುತ್ತಾ ಕೂರುತ್ತದೆ. ಈ ಒಂದು ಹೆಜ್ಜೆ ಬಿಟ್ಟು ಎಷ್ಟು ಜನ ವಾರಗಟ್ಟಲೆ ಕೆಲಸ ಹಾಳು ಮಾಡಿಕೊಂಡಿದ್ದಾರೆ ಅಂದರೆ, ಅದರಲ್ಲಿ ನಾನೂ ಒಬ್ಬ.

8. ಚಿಗಳಿ ಗೂಡಿನ ಹತ್ತಿರ ಎರಡು ಸಲ ನೋಡಿ

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ ಗೊತ್ತಲ್ಲ, ಚಿಗಳಿ ಇರುವೆ. ಆ ಸಾಲಿನ ಪಕ್ಕ ಒಂಟಿಯಾಗಿ ಓಡಾಡುವ "ಇರುವೆ" ಕಂಡರೆ ಕಾಲು ಎಣಿಸಿ. ಎಂಟಿದ್ದರೆ ಅದು ಬಹುಶಃ ಮಿರ್ಮಪ್ಲಾಟಾ, ಇರುವೆ ವೇಷದ ಜಿಗಿ ಜೇಡ. ಹೆಣ್ಣು ಥೇಟ್ ಚಿಗಳಿ. ಗಂಡಿನ ದವಡೆ ಮುಂದಕ್ಕೆ ಉದ್ದ ಚಾಚಿ, ಒಂದು ಇರುವೆ ಇನ್ನೊಂದನ್ನು ಹೊತ್ತುಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ. ಇದು ಇರುವೆ ತಿನ್ನಲು ಹಾಕಿದ ವೇಷ ಅಂತ ಬಹಳ ಜನ ಬರೆಯುತ್ತಾರೆ. ಅಲ್ಲ. ಇರುವೆ ಹತ್ತಿರ ಬಂದರೆ ಇದು ದಾರಿ ಬಿಟ್ಟು ಸರಿಯುತ್ತದೆ. ಚಿಗಳಿಯ ಸಹವಾಸ ಬೇಡ ಅನ್ನುವ ಶತ್ರುಗಳಿಂದ ಉಳಿಯಲು ಈ ವೇಷ. ಚಿಗಳಿಯನ್ನು ನಿಜಕ್ಕೂ ತಿನ್ನುವ ವೇಷಧಾರಿ ಬೇರೆ ಇದೆ, ಅಮಿಸಿಯಾ ಅನ್ನುವ ಏಡಿ ಜೇಡ. ಹಿಂಭಾಗದಲ್ಲಿ ಎರಡು ಕಪ್ಪು ಚುಕ್ಕೆ, ಇರುವೆ ಕಣ್ಣಿನ ಹಾಗೆ. ಎರಡನ್ನೂ ಕಲಸಬೇಡಿ.

ಕಣ್ಣು ಮೋಸ ಮಾಡುವುದಕ್ಕೂ ಇಲ್ಲೊಂದು ಪಾಠ ಇದೆ. ಇರುವೆ ವೇಷದ ಜೇಡ ಮುಂಗಾಲು ಎರಡನ್ನು ಮೀಸೆಯ ಹಾಗೆ ಎತ್ತಿಕೊಂಡು ಆರು ಕಾಲಲ್ಲೇ ನಡೆಯುತ್ತದೆ ಅಂತ ನಂಬಿದ್ದರು. ಇದೇ ಬಳಗದ ಮಿರ್ಮರಾಕ್ನೆ ಜೇಡವನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದವರು 2017ರಲ್ಲಿ ಬೇರೆ ಹೇಳಿದರು. ನಡೆಯುವುದು ಎಂಟೂ ಕಾಲಲ್ಲೇ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ನಿಂತು, ಆ ಗಳಿಗೆಯಲ್ಲಿ ಮಾತ್ರ ಮುಂಗಾಲು ಎತ್ತುತ್ತದೆ. ಇದೆಲ್ಲಾ ಅಷ್ಟು ಬೇಗ ಆಗುವುದರಿಂದ ನಮಗೆ ಯಾವಾಗಲೂ ಎತ್ತಿಯೇ ಇರುವ ಹಾಗೆ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಬಳಸಿ. "ಕಟ್ಟು" ಕ್ರಿಯೆಯನ್ನೂ ಅದರಲ್ಲೇ ಖಾತ್ರಿ ಮಾಡಿಕೊಳ್ಳಬಹುದು.

ಚಿಗಳಿ ಮರಕ್ಕೆ ಒರಗಿಕೊಂಡು ನೋಡಬೇಡಿ. ಯಾಕೆ ಅಂತ ಹೇಳಬೇಕಾಗಿಲ್ಲ.

9. ಹೆಸರು ಕೊನೆಗೆ

ಮೂರು ಫೋಟೋ ಬೇಕು: ಮುಖ, ಬೆನ್ನು, ಪಕ್ಕ. ಪಕ್ಕದಲ್ಲಿ ಸ್ಕೇಲ್ ಇದ್ದರೆ ಒಳ್ಳೆಯದು. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಊರು, ತಾರೀಖು ಸಮೇತ ಹಾಕಿದರೆ ತಿಳಿದವರು ಹೇಳುತ್ತಾರೆ. ಆ್ಯಪ್ ತಾನಾಗಿ ಸೂಚಿಸುವ ಮೊದಲ ಹೆಸರನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಎಷ್ಟೋ ಜಾತಿಗಳನ್ನು ಬೆಳೆದ ಜೇಡದ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಬೇರೆ ಮಾಡುವುದು. ಫೋಟೋದಲ್ಲಿ ಕುಲದವರೆಗೆ, ಅಂದರೆ ಮೆನೆಮೆರಸ್, ಪ್ಲೆಕ್ಸಿಪಸ್ ಅನ್ನುವಷ್ಟರವರೆಗೆ ಬಂದರೆ ಸಾಕು. ಮರಿಗಳಲ್ಲಂತೂ ಅದೂ ಕಷ್ಟ. ಹೆಸರು ಸಿಗಲಿಲ್ಲ ಅಂತ ನೀವು ಬರೆದಿಟ್ಟ ನಿಮಿಷಗಳು ಕೆಡುವುದಿಲ್ಲ.

10. ಬಿಟ್ಟು ಬನ್ನಿ

ಹಿಡಿದ ಜಾಗದಲ್ಲೇ ಬಿಡಬೇಕು, ಬೆಳಗ್ಗೆ ಹೊತ್ತು, ಒಮ್ಮೆ ತಿನ್ನಿಸಿದ ಮೇಲೆ. ಡಬ್ಬಿಯನ್ನು ಗೋಡೆಗೆ ಒರಗಿಸಿ ಮುಚ್ಚಳ ತೆಗೆದು ದೂರ ಕೂರಿ. ಅಲುಗಾಡಿಸಿ ಬೀಳಿಸಬೇಡಿ. ಮೊದಲು ಡಬ್ಬಿಯ ಅಂಚಿಗೆ ಬಂದು ನಿಮ್ಮ ಕಡೆ ತಿರುಗುತ್ತದೆ. ಆಮೇಲೆ ಹೊಟ್ಟೆ ತುದಿ ಅಂಚಿಗೆ ಮುಟ್ಟಿಸುತ್ತದೆ. ಅಷ್ಟು ಹೊತ್ತಿಗೆ ಸ್ಟಾಪ್‌ವಾಚ್ ಒತ್ತಿರಬೇಕು.